ಬ್ಯಾಟರಿ ಮುಟ್ಟಬೇಡ

ಫಣಿಯ ಕೈ ಸೀಟಿನ ಕೆಳಗೆ ಮೊಣಕೈವರೆಗೂ ಹೋಗಿತ್ತು. ಬೆರಳಿಗೆ ಕಂಟ್ರೋಲರ್ ತಾಕಿತು. ಅಂಗೈಯಗಲದ ಡಬ್ಬಿ. ಚೀನಾದ ಬ್ಯಾಟರಿ ಆಟೋಗೆ ಮೆದುಳಿದ್ದರೆ ಅದು ಇದೇ. ಎರಡು ವೈರು ಕಿತ್ತು ಒಂದಕ್ಕೊಂದು ಮುಟ್ಟಿಸಿದ. ಚಟ್ ಎಂದಿತು. ಸುಟ್ಟ ವಾಸನೆ ಬಂತು. ಪಕ್ಕದಲ್ಲೇ ಬ್ಯಾಟರಿಗಳು ಸಾಲಾಗಿ ಕೂತಿದ್ದವು. ಅವಕ್ಕೂ ಒಂದು ಗತಿ ಕಾಣಿಸೋಣವೆಂದು ಕೈ ಚಾಚಿದವನು ಮಾವನ ಮಾತು ನೆನೆದು ಹಿಂದಕ್ಕೆಳೆದುಕೊಂಡ.

ಗವರ್ನರ್‌ಪೇಟೆಯ ಚಾರ್ಜಿಂಗ್ ಶೆಡ್ಡಿನಲ್ಲಿ ಡ್ರೈವರುಗಳೆಲ್ಲ ಊಟ ಮುಗಿಸಿ, ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದರು. ವಿಜಯವಾಡದ ಮಧ್ಯಾಹ್ನದ ಬಿಸಿಲಿಗೆ ನಾಯಿಯೂ ಬೊಗಳುವುದಿಲ್ಲ. ಫಣಿ ಅವರ ನಡುವೆಯೇ ನಡೆದು ಹೊರಬಂದ.

“ಮುಗೀತೇನಲೇ?” ದುರ್ಗಾಪ್ರಸಾದ್ ಕೇಳಿದ. ಬೆಂಜ್ ಸರ್ಕಲ್ ಆಟೋ ಸ್ಟ್ಯಾಂಡಿನ ಲೀಡರ್. ಫಣಿಯ ತಾಯಿ ರತ್ನಮ್ಮನ ತಮ್ಮ. ಬಳ್ಳಾರಿ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಮನೆಯವರ ಜೊತೆ ಬಳ್ಳಾರಿ ಮಾತೇ.

“ಮುಗೀತು ಮಾವ. ಬ್ಯಾಟರೀನೂ ಸುಟ್ಟುಬಿಡ್ತಿದ್ದೆ.”

“ಬ್ಯಾಟರಿ ಮುಟ್ಟಬ್ಯಾಡ ಅಂದೀನಿಲ್ಲ? ಆಸಿಡ್ ಮುಖಕ್ಕೆ ಸಿಡಿದ್ರ ನಮ್ಮಕ್ಕಗ ನಾನೇನು ಹೇಳ್ಲಿ?”

“ಹಾರೆ ತಗೊಂಡು ಒಡೆದುಹಾಕಿದ್ರೆ ಏನು ಮಾವ? ಒಂದೇ ಏಟಿಗೆ ಪೀಡೆ ಹೋಗುತ್ತೆ.”

“ಒಡೆದ್ರ ಪೊಲೀಸ್ ಬರ್ತಾರ. ಸುಟ್ರ ಚೀನಾನ ಬೈತಾರ.”

ಫಣಿ ನಗಲಿಲ್ಲ. ಅವನಿಗೆ ನಗು ಬಂದು ಎಷ್ಟೋ ದಿನವಾಗಿತ್ತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹಿಡಿದ ಡೀಸೆಲ್ ಆಟೋ ಅವನದು. ಸ್ಟ್ಯಾಂಡಿನಲ್ಲಿ ಸೀರಿಯಲ್ ಉಂಟು. ಮೊದಲು ಬಂದವನಿಗೆ ಮೊದಲ ಗಿರಾಕಿ. ಎಂಥ ಹಸಿವಿದ್ದರೂ ಮುಂದಿನವನನ್ನು ದಾಟುವಂತಿಲ್ಲ. ಈ ಬ್ಯಾಟರಿ ಆಟೋಗಳಿಗೆ ಸೀರಿಯಲ್ಲೂ ಇಲ್ಲ, ಸದ್ದೂ ಇಲ್ಲ. ಕಟ್ಟುತ್ತಿದ್ದ ಫ್ಲೈಓವರಿನ ಕಂಬದ ಮರೆಯಿಂದ ಬೆಕ್ಕಿನಂತೆ ಬಂದು, ಸಾಲಿನ ಮುಂದೆ ನಿಂತ ಗಿರಾಕಿಯನ್ನು ಎತ್ತಿಕೊಂಡು ಹೋಗುತ್ತಿದ್ದವು. ಕಾಲೇಜು ಹುಡುಗಿಯರಂತೂ ಫಣಿಯ ಗಾಡಿ ಕಂಡರೆ ದುಪಟ್ಟಾ ಮೂಗಿಗೆ ಒತ್ತಿಕೊಳ್ಳುತ್ತಿದ್ದರು.

“ಚೀನಾದಾಗ ಬಸ್ಸೂ ಬ್ಯಾಟರೀವಂತ. ಕಾರೂ ಹಂಗ. ಈಗ ಲೋಕಕ್ಕೆಲ್ಲ ಕಳಿಸಾಕತ್ಯಾರ,” ಎನ್ನುತ್ತಿದ್ದ ದುರ್ಗಾಪ್ರಸಾದ್. “ನಾವು ಈಗ ತಡೀಲಿಲ್ಲ ಅಂದ್ರ ಗಾಡಿ ತೂಕಕ್ಕ ಹಾಕಬೇಕು. ಇವು ಈ ಊರು ಬಿಟ್ಟು ಹೋಗ್ಲಿ. ಆಮೇಲೆ ಪ್ರತ್ಯೂಷಾ ಮಾತು ಮುಗಿಸೋಣ.”

ಪ್ರತ್ಯೂಷಾ ಅವನ ಮಗಳು. ಫಣಿಗೇ ಎಂದು ಚಿಕ್ಕಂದಿನಿಂದ ಮಾತಾಗಿದ್ದವಳು. ದುಡಿಮೆ ನಿಂತ ಮೇಲೆ ಆ ಮಾತೂ ನಿಂತಿತ್ತು.

ಆದರೆ ಅವು ಊರು ಬಿಡಲಿಲ್ಲ. ಸುಟ್ಟ ಗಾಡಿ ಎರಡೇ ದಿನಕ್ಕೆ ಮತ್ತೆ ರಸ್ತೆಗೆ ಬರುತ್ತಿತ್ತು. ಫಣಿ ಸುಡುವುದು, ಅದು ಬರುವುದು. ಈ ಸಲವೂ ಹಾಗೇ ಆಯಿತು. ಕಾಲೆಲ್ಲ ಸವೆಯುವಷ್ಟು ಕಾಲ ಸೈಕಲ್ ರಿಕ್ಷಾ ತುಳಿದ ಮುದುಕ ಈಶ್ವರಯ್ಯ ಅದೇ ಗಾಡಿಯನ್ನು ತಂದು ಇವನ ಪಕ್ಕದಲ್ಲೇ ನಿಲ್ಲಿಸಿದ.

“ಏನು ಬಾಬು, ನಿನ್ನ ಗಾಡಿ ಇನ್ನೂ ಕೆಮ್ಮುತ್ತಾ?”

“ನಿಂದು ಸತ್ತಿತ್ತಲ್ಲ ತಾತಾ?”

“ಸತ್ತಿತ್ತು. ವೈಜಾಗಿಂದ ಕಂಟ್ರೋಲರ್ ಬಂತು, ಎದ್ದು ಕೂತಿತು. ಇಷ್ಟು ದೂರಕ್ಕೂ ಅದೊಂದೇ ಅಂಗಡಿ. ಗಾಜುವಾಕದಲ್ಲಿ. ಅವರು ಬಾಯಿಗೆ ಬಂದ ರೇಟು ಹೇಳ್ತಾರೆ, ನಾವು ಕೊಡಬೇಕು.” ಈಶ್ವರಯ್ಯ ಹ್ಯಾಂಡಲ್ ಸವರಿದ. “ಅದಕ್ಕೆ ನನ್ನ ಮುದುಕಿಯ ಓಲೆ ಮಾರಬೇಕಾಯ್ತು. ಇರಲಿ ಬಿಡು. ಮತ್ತೆ ತುಳಿಯೋ ಶಕ್ತಿ ನನಗಿಲ್ಲ.”

ಫಣಿ ಮುಖ ತಿರುಗಿಸಿಕೊಂಡ. ಮುದುಕನ ಮೇಲೆ ಬರಬೇಕಾದ ಸಿಟ್ಟು ಬರಲಿಲ್ಲ. ಆ ಅಂಗಡಿಯ ಮೇಲೆ ಬಂತು. ಇಷ್ಟು ದಿನ ಕೊಂಬೆ ಕಡಿಯುತ್ತಿದ್ದೆ, ಬೇರು ಅಲ್ಲಿದೆ. ಯಾರಿಗೂ ಹೇಳಲಿಲ್ಲ. ಮಾವನಿಗೂ ಇಲ್ಲ. ಕೆಲಸ ಮುಗಿಸಿಯೇ ಹೇಳಬೇಕು. ಆಗ ನೋಡೋಣ, ಪ್ರತ್ಯೂಷಾಳ ಮಾತನ್ನು ಇನ್ನೂ ಹೇಗೆ ಮುಂದಕ್ಕೆ ಹಾಕುತ್ತಾನೆ.

ಮರುದಿನ ಬೆಳಗಿನ ರೈಲು ಹತ್ತಿದ. ಚೀಲದಲ್ಲಿ ಲಾರಿ ಚಕ್ರ ಬಿಚ್ಚುವ ಸ್ಪ್ಯಾನರ್. ವಿಶಾಖಪಟ್ಟಣಕ್ಕೆ ಮೊದಲ ಸಲ ಬಂದಿದ್ದರೂ ಸಮುದ್ರ ನೋಡಲಿಲ್ಲ. ಸೀದಾ ಗಾಜುವಾಕ.

ಸಣ್ಣ ಮಳಿಗೆ. ಸೂರಿನವರೆಗೂ ಚೀನೀ ಅಕ್ಷರದ ಪೆಟ್ಟಿಗೆಗಳು. ಗಾಜಿನ ಗಲ್ಲಾದ ಹಿಂದೆ ಒಬ್ಬನೇ ಇದ್ದ. ಅಂಗಿಯ ಮೇಲೆ ಅಖಿಲ್ ಎಂಬ ಬಿಲ್ಲೆ.

“ವಿಜಯವಾಡದಿಂದ ಬಂದೆ,” ಫಣಿ ತೆಲುಗಿನಲ್ಲಿ ಹೇಳಿದ. ಕೈ ಚೀಲದೊಳಗಿತ್ತು. “ಕಂಟ್ರೋಲರ್ ಬೇಕು.”

“ಅಯ್ಯೋ ಅಣ್ಣಾ, ಕೊನೇದೂ ನಿಮ್ಮೂರಿಗೇ ಹೋಯ್ತು. ನಿಮ್ಮೂರವರೇ ನಮಗೆ ದೇವರು! ಇನ್ನು ಹಡಗಲ್ಲಿ ಬರಬೇಕು. ತಿಂಗಳಾಗುತ್ತೆ.”

“ಬ್ಯಾಟರಿ?”

“ಅದನ್ನು ಯಾರೂ ಕೊಳ್ಳಲ್ಲ. ಗ್ಯಾರಂಟಿ ಇದೆಯಲ್ಲ. ಕೆಟ್ಟರೆ ನಮ್ಮ ಓನರೇ ಬಿಟ್ಟಿ ಕೊಡಬೇಕು. ಒಂದು ಕೆಟ್ಟರೂ ಅವರಿಗೆ ಜ್ವರ ಬರುತ್ತೆ.” ಅಖಿಲ್ ಬಾಗಿಲ ತನಕ ಬೆಳೆದಿದ್ದ ಹೊಸ ಪೆಟ್ಟಿಗೆಗಳನ್ನು ತೋರಿಸಿದ. “ಹೆಡ್‌ಲೈಟ್ ಬೇಕಾದರೆ ಹೇಳಿ. ನಿನ್ನೆ ಬಂತು, ಗುಡ್ಡೆ ಬಿದ್ದಿದೆ. ಇಷ್ಟನ್ನು ಯಾರು ಕೊಳ್ತಾರೆ ಸಾರ್ ಅಂತ ಕೇಳಿದರೆ, ಓನರ್ ಸುಮ್ಮನೆ ನಗ್ತಾರೆ.”

ನಗಲಿ. ಫಣಿ ಸ್ಪ್ಯಾನರ್ ಹೊರಗೆಳೆದ. ಅಖಿಲನ ಮುಖ ಬಿಳುಚಿತು. ಅಷ್ಟರಲ್ಲಿ ಫಣಿಯ ಜೇಬಿನ ಫೋನ್ ಬಡಿದುಕೊಂಡಿತು. ಮಾವ. ಒಳ್ಳೆಯದೇ ಆಯಿತು, ಗಾಜು ಒಡೆಯುವ ಸದ್ದು ಅವನೂ ಕೇಳಲಿ. ಒಂದು ಕೈಯಲ್ಲಿ ಸ್ಪ್ಯಾನರ್ ತಲೆಯ ಮೇಲಕ್ಕೆತ್ತಿ, ಇನ್ನೊಂದರಲ್ಲಿ ಫೋನ್ ಕಿವಿಗೆ ಹಿಡಿದ.

“ಎಲ್ಲಿ ಹಾಳಾಗಿ ಹೋಗಿದ್ದಿಯಲೇ? ಕೇಳಿಲ್ಲಿ. ಒಂದು ತಿಂಗಳು ಕಂಟ್ರೋಲರ್ ಮುಟ್ಟಬ್ಯಾಡ. ನಾಳಿಂದ ಹೆಡ್‌ಲೈಟ್ ಸುಡು.”