ಪಾಲೆಯ ತುಂಡು

ಗಿಟಾರಿನ ಬಾಯಿಗೆ ಮೂಗು ಒಡ್ಡಿದಾಗ ಬರುವ ಮರದ, ಅಂಟಿನ ವಾಸನೆಗೆ ಇವತ್ತಿಗೂ ನನ್ನ ಬಲಗೈ ತಣ್ಣಗಾಗುತ್ತದೆ.

ನೆಲ್ಯಾಡಿಯಲ್ಲಿ, ರಬ್ಬರ್ ಶೀಟ್ ಒಣಗಿಸುವ ಶೆಡ್ಡಿನಲ್ಲಿ, ಅಪ್ಪ ಇಗರ್ಜಿಯ ಹಾಡಿನವರಿಗೆ ಗಿಟಾರ್ ಮಾಡುತ್ತಿದ್ದರು. ಮೈಗೆಲ್ಲ ಹಲಸು. ಒಳಗಡೆ, ಕತ್ತು ಕೂರುವಲ್ಲಿಗೆ ಒಂದು ದಪ್ಪ ತುಂಡು ಬೇಕಿತ್ತು. ರಬ್ಬರ್ ಮರಕ್ಕೆ ಹುಳ ಬೀಳುತ್ತದೆಂದು ಬಿಟ್ಟರು, ಸಾಗುವಾನಿ ಭಾರವೆಂದು ಬಿಟ್ಟರು. ಕೊನೆಗೆ ಪಾಲೆ ಮರದ ತುಂಡೊಂದನ್ನು ಕಿವಿಯ ಬಳಿ ಹಿಡಿದು ತಟ್ಟಿ, "ಇದು ಹಗುರ ಉಂಟು" ಎಂದರು.

ಕೇರಳದಿಂದ ಬಂದಿದ್ದ ಅಜ್ಜಿ ಬಾಗಿಲಲ್ಲೇ ನಿಂತು ಮಗನಿಗೆ ಹೇಳಿದರು. "ಪಾಲೆಯಲ್ಲಿ ಯಕ್ಷಿ ಇರುದು ಮೋನೇ. ರಕ್ತ ಕುಡಿತಾಳೆ. ಕಬ್ಬಿಣದ ಮೊಳೆ ಹೊಡೆದ್ರೆ ಮಾತ್ರ ಹೊರಗೆ ಬರುದಿಲ್ಲ."

"ಗಿಟಾರಿಗೆ ಮೊಳೆ ಎಂತಕ್ಕಮ್ಮ? ಅಂಟು ಸಾಕು." ಅಪ್ಪ ನಕ್ಕುಬಿಟ್ಟರು.

ಗಿಟಾರಿನ ಮೈಯ ಪೆಟ್ಟಿಗೆಯನ್ನು ಅಂಟಿಸಿ ಮುಚ್ಚಿದ ಮೇಲೆ ಒಂದು ಮಧ್ಯಾಹ್ನ ಆ ತುಂಡು ಒಂದು ಬದಿಯಲ್ಲಿ ಅಂಟು ಬಿಟ್ಟಿತು. ಗಿಟಾರಿನ ದುಂಡು ಬಾಯಿಯೊಳಗೆ ಅಪ್ಪನ ಕೈ ಹೋಗಲಿಲ್ಲ. ನನ್ನನ್ನು ಕರೆದರು. "ನಿಂದು ಸಣ್ಣ ಕೈ. ಒಳಗೆ ಹಾಕಿ ಒತ್ತಿ ಹಿಡಿ. ನಾನು ಹೇಳುವವರೆಗೆ ಬಿಡ್ಬೇಡ."

ಮೊಣಕೈವರೆಗೆ ಕೈ ಕತ್ತಲೆಗೆ ಹೋಯಿತು. ನಾನು ಉಸಿರು ಬಿಟ್ಟರೂ ಪೆಟ್ಟಿಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಒಳಗೆ ಯಾರೋ ಈಗ ಬೆರಳು ಹಿಡಿಯುತ್ತಾರೆ ಎಂದು ಕಾದೆ. ಯಾರೂ ಹಿಡಿಯಲಿಲ್ಲ. ಪಾಲೆಯ ತುಂಡಿನ ಮೂಲೆಯಲ್ಲಿ ತಣ್ಣಗೆ ಏನೋ ತಾಗಿತು. ಸವರಿ ನೋಡಿದೆ. ಮೊಳೆಯ ತಲೆ.

ಅಪ್ಪನ ಮುಖ ನೋಡಿದೆ. ಅವರು ಬೇರೆಲ್ಲೋ ನೋಡುತ್ತ, "ಅಜ್ಜಿಗೆ ಹೇಳ್ಬೇಡ" ಎಂದರು.

ನಿಜವಾದ ಹೆದರಿಕೆ ನನಗೆ ಹತ್ತಿದ್ದು ಆಗ.