ಎಡಹುಬ್ಬಿನ ಕಲೆ

"ಇನ್ನೂ ಚಿಕ್ಕವಳಾಗಬೇಕು," ಎಂದಳು ಹೊಲಿಗೆಯವಳು, ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ.

ಸ್ಟುಡಿಯೋದವನು ಅವಳ ಹಿಂದೆ ನಿಂತು ಆಕಳಿಸಿದ. ಪರದೆಯ ಮೇಲಿದ್ದುದು ಅವಳದೇ ಮುಖ. ನಲವತ್ತರ ಆ ಮುಖದಿಂದ ಬೆಳಗ್ಗೆಯಿಂದ ಹದಿನೈದು ವರ್ಷ ಕಳೆದಾಗಿತ್ತು.

"ಇನ್ನೂ ಇಳಿಸಿದ್ರೆ ತೊಟ್ಟಿಲಿಗೆ ಹಾಕ್ಬೇಕಾಗುತ್ತೆ, ಅಕ್ಕಾ."

ಅವಳು ನಗಲಿಲ್ಲ. ಅವಳು ನಕ್ಕಿದ್ದನ್ನು ಅವನು ನೋಡಿಯೇ ಇರಲಿಲ್ಲ.

ಪಕ್ಕದ ಬೀದಿಯಲ್ಲಿ ಅವಳ ಅಂಗಡಿ. ಕೆಟ್ಟ ಜಿಪ್ಪು ಬದಲಾಯಿಸುವುದು, ಬಿಗಿಯಾದ ಸೊಂಟ ಸಡಿಲಿಸುವುದು, ಇಂಥ ಕೆಲಸ. ಫೋಟೋ ತಿದ್ದುವುದು ಕಲಿಸುತ್ತೀರಾ ಎಂದು ಅವಳು ಬಂದಾಗ, ಹೊಸ ವ್ಯಾಪಾರಕ್ಕೆ ಕೈ ಹಾಕುತ್ತಾಳೆ ಎಂದುಕೊಂಡಿದ್ದ. ಆದರೆ ಅವಳಿಗೆ ಬೇಕಾಗಿದ್ದುದು ಒಂದೇ ಮುಖ, ಒಂದೇ ವಿದ್ಯೆ. ತನ್ನ ವಯಸ್ಸು ಇಳಿಸುವುದು.

"ಯಾರಿಗೆ ತೋರಿಸೋಕೆ?" ಎಂದು ಅಂದೇ ಕೇಳಿದ್ದ.

"ಇಬ್ಬರಿಗೆ."

"ಒಪ್ತಾರಾ?"

"ಗೊತ್ತಿಲ್ಲ ಅಣ್ಣ. ನೋಡಿ ಮುಖ ತಿರುಗಿಸದಿದ್ರೆ ಸಾಕು."

ಇನ್ನೇನು ಬೇಕು? ಕೌಂಟರಿನಲ್ಲಿ ಕೂತಿದ್ದ ಅವನ ಹೆಂಡತಿ ಕಥೆ ಪೂರ್ತಿ ಮಾಡಿಬಿಟ್ಟಳು. ತಡವಾಗಿ ಕೂಡಿಬಂದ ಸಂಬಂಧ, ಗಂಡಿನ ಅಪ್ಪ ಅಮ್ಮ. "ಸುಳ್ಳು ಫೋಟೋ ತೋರಿಸಿ ಮದುವೆ ಆಗ್ತಾಳೆ. ನಾಳೆ ಅದು ನಮ್ಮ ಕುತ್ತಿಗೆಗೇ ಬರುತ್ತೆ, ನೋಡ್ತಾ ಇರಿ."

ಅವನು ಹೂಂಗುಟ್ಟಿದ, ಅಷ್ಟೇ. ವರ್ಷಗಟ್ಟಲೆ ಊರವರ ಮೊಡವೆ, ಸುಕ್ಕು ಒರೆಸಿ ಒರೆಸಿ ಅವನ ಮನಸ್ಸು ಮರಗಟ್ಟಿತ್ತು. ಯಾರ ಸಂತೋಷವೂ ಯಾರ ದುಃಖವೂ ಅವನಿಗೆ ತಾಕುತ್ತಿರಲಿಲ್ಲ.

ಆದರೂ ಒಂದು ಸಂಗತಿ ಬಗೆಹರಿಯಲಿಲ್ಲ. ವಯಸ್ಸು ಮುಚ್ಚಬೇಕೆನ್ನುವವರು ಫ್ಲ್ಯಾಶ್ ಕೇಳುತ್ತಾರೆ. ಎದುರಿನಿಂದ ಬಿದ್ದ ಬೆಳಕು ಮುಖದ ಹಳ್ಳ ದಿಣ್ಣೆಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಇವಳೋ, ಫೋಟೋ ತೆಗೆಸಿಕೊಂಡ ದಿನ ದೀಪಗಳನ್ನೆಲ್ಲ ಆರಿಸಿ ಎಂದಿದ್ದಳು. ಎಳೆಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವ ಜಾಗ ಹುಡುಕಿ, ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು.

"ಮೇಲಿಂದ ತೆಗೀರಿ. ನಿಂತವರು ಬಗ್ಗಿ ನೋಡಿದ ಹಾಗೆ."

ಆ ಬೆಳಕಿನಲ್ಲಿ ಅವಳ ಎಡಹುಬ್ಬನ್ನು ಸೀಳಿದ್ದ ಹಳೆಯ ಗಾಯದ ಕಲೆ ಎದ್ದು ಕಂಡಿತು. ತಿದ್ದಲು ಕೂತಾಗ ಅವನ ಕೈ ರೂಢಿಯಂತೆ ಮೊದಲು ಹೋದದ್ದು ಅಲ್ಲಿಗೇ. ಒಂದೇ ಒತ್ತು, ಕಲೆ ಮಾಯ.

"ಅದು ಇರಲಿ," ಎಂದಳು. ಮೌಸ್ ತೆಗೆದುಕೊಂಡು ಅಳಿಸಿದ್ದನ್ನು ವಾಪಸ್ಸು ತಂದಳು.

ವಾರಗಳು ಕಳೆದವು. ಅವಳ ಕೈ ಬೇಗ ಪಳಗಿತು. ಮುಖವನ್ನು ಸುಮ್ಮನೆ ನುಣುಪು ಮಾಡುವುದರಲ್ಲಿ ಅವಳಿಗೆ ಆಸಕ್ತಿಯಿರಲಿಲ್ಲ. "ದೊಡ್ಡವರ ಅಂಗಿ ಬಿಚ್ಚಿ ಮಗುವಿಗೆ ಹೊಲಿಯುವಾಗ ಎಲ್ಲ ಕಡೆ ಒಂದೇ ಸಮ ಕತ್ತರಿಸಿದ್ರೆ ತಲೆ ತೂರಲ್ಲ," ಎನ್ನುತ್ತ ಗದ್ದ ಮೊಟಕು ಮಾಡಿದಳು, ಹಣೆ ಅಗಲಿಸಿದಳು, ಕೆನ್ನೆ ತುಂಬಿಸಿದಳು. ಒಂದು ಬೆಳಗ್ಗೆ ಅವನು ಬಂದು ನೋಡುತ್ತಾನೆ, ಪರದೆಯಲ್ಲಿ ನಾಲ್ಕು ವರ್ಷದ ಹೆಣ್ಣುಮಗು ಕೂತಿದೆ.

ಮದುವೆಯ ಮಾತು ಅಲ್ಲಿಗೆ ನಿಂತಿತು. ಹೆಂಡತಿ ಒಳಗೆ ಹೋಗಿ ಅವಳಿಗೊಂದು ಲೋಟ ಚಹಾ ತಂದಿಟ್ಟಳು.

"ಮಗುವಿನ ಫೋಟೋ ಒಂದೂ ಇಲ್ವಾ ಅಕ್ಕಾ?" ಅವನು ದನಿ ತಗ್ಗಿಸಿ ಕೇಳಿದ.

"ಯಾರೂ ತೆಗೆದಿಲ್ಲ."

"ಮುಖ ನೆನಪಿದೆಯಾ? ಇದು ಹೋಲುತ್ತಾ?"

"ನೆನಪಿಲ್ಲ. ಹೋಲಬೇಕು."

ಎಷ್ಟೋ ವರ್ಷಗಳ ಮೇಲೆ ಅವನಿಗೆ ಯಾರದೋ ಸಂಕಟ ಎದೆಗೆ ತಾಕಿತು. ಹೆತ್ತವಳಿಗೇ ಮುಖ ಮರೆತುಹೋಗಿದೆ ಎಂದರೆ! ಮಗು ಯಾವಾಗ ಹೋಯಿತು, ಹೇಗೆ ಹೋಯಿತು ಎಂದು ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ತನ್ನ ಕೈಲಾದದ್ದು ಮಾಡೋಣ ಎಂದು, ಅವಳು ಹೋದಮೇಲೆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ ಚೌಕಟ್ಟು ಕಟ್ಟಿಸಿದ. ಅಚ್ಚಿಗೆ ಹಾಕುವ ಮುನ್ನ ಕಣ್ಣಿಗೆ ಬಿತ್ತು: ತಾಯಿಯ ಗಾಯ ಮಗುವಿನ ಹುಬ್ಬಿನ ಮೇಲೆ ಹಾಗೇ ಉಳಿದುಬಿಟ್ಟಿದೆ. ಪಾಪ, ಮರೆತಿದ್ದಾಳೆ. ನಾಜೂಕಾಗಿ ಒರೆಸಿದ.

ಮರುದಿನ ಅವಳು ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಕಲೆ ಎಲ್ಲಿ?"

"ಅದು ನಿಮ್ಮದಲ್ವಾ ಅಕ್ಕಾ. ಮಗುವಿಗೆ ಯಾಕೆ ಅಂತ..."

"ಅದನ್ನ ಒರೆಸಿದ್ರೆ ಇದು ಯಾರದೋ ಮಗು."

ದನಿ ಏರಲಿಲ್ಲ. ಅವಳು ಚೌಕಟ್ಟನ್ನು ಮಗುಚಿಟ್ಟು, ಕಂಪ್ಯೂಟರಿನ ಮುಂದೆ ಕೂತು, ಕಲೆಯನ್ನು ಮತ್ತೆ ತಂದಳು.

"ಚೌಕಟ್ಟು ಬೇಡ ಅಣ್ಣ. ತೆಳು ಕಾಗದದಲ್ಲಿ ಐನೂರು ಪ್ರತಿ ಬೇಕು. ಗೋಡೆಗಳಿಗೆ ಅಂಟಿಸೋಕೆ."

ಗೋಡೆಗಳಿಗೆ! ಹಾಗಾದರೆ ಮಗು ಸತ್ತಿಲ್ಲ, ಕಳೆದುಹೋಗಿದೆ. ಎಷ್ಟು ತಪ್ಪು ತಿಳಿದುಬಿಟ್ಟೆ ಎಂದು ಅವನಿಗೆ ನಾಚಿಕೆಯಾಯಿತು. ಇಂಥ ಕಾಗದ ಅವನು ಮೊದಲೂ ಮಾಡಿಕೊಟ್ಟಿದ್ದ. ತಾನೇ ಮುಂದೆ ಬಂದು, ಚಿತ್ರದ ಮೇಲೆ ಕೆಂಪು ದಪ್ಪ ಅಕ್ಷರದಲ್ಲಿ "ಕಾಣೆಯಾಗಿದ್ದಾಳೆ" ಎಂದು ಹಾಕಿದ. "ಕೆಳಗೆ ವಿವರ ನೀವೇ ಹಾಕಿ ಅಕ್ಕಾ," ಎಂದು ಕುರ್ಚಿ ಬಿಟ್ಟುಕೊಟ್ಟ.

ಅವಳು ಮೊದಲು ಆ ಕೆಂಪು ಅಕ್ಷರಗಳನ್ನು ಒಂದೊಂದಾಗಿ ಅಳಿಸಿದಳು. ಆಮೇಲೆ ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದಳು. ಅವನು ಅವಳ ಹೆಗಲ ಮೇಲಿಂದ ಓದಿದ.

"ಸಿಕ್ಕಿದ್ದಾಳೆ. ಮೂವತ್ತಾರು ವರ್ಷದ ಹಿಂದೆ, ರೈಲು ನಿಲ್ದಾಣದಲ್ಲಿ. ಎಡಹುಬ್ಬಿನ ಮೇಲೆ ಕಲೆ ಇದೆ. ಅಪ್ಪ ಅಮ್ಮ ಎಲ್ಲಿದ್ದರೂ ಬಂದು ಕರೆದುಕೊಂಡು ಹೋಗಬೇಕು."