ಸಿಟ್ಟಿನ ಒಲೆ

“ನಮ್ಮ ಓಣಿ ನಳಕ್ಕ ಯಾವಾಗ ನೀರು ಬಿಡಸ್ತಾನೋ ನಮ್ಮ ಎಮ್ಮೆಲ್ಲೆ?” ಎಂದು ಸಂಕವ್ವ ಯಾರ ಮುಖವನ್ನೂ ನೋಡದೆ ಗಟ್ಟಿಯಾಗಿ ಕೇಳಿದಳು. ಅವಳ ಬಜ್ಜಿ ಗಾಡಿಯ ಮೇಲಿನ ಒಲೆ ಭಗ್ಗನೆ ಹೊತ್ತಿಕೊಂಡಿತು. ಸೌದೆ, ಗ್ಯಾಸು ಎಂಬವೆಲ್ಲ ಆ ಊರಿಗೆ ಮರೆತೇಹೋಗಿದ್ದವು. ಆಳುವವರ ಮೇಲಿನ ಸಿಟ್ಟಿನಿಂದಲೇ ಒಲೆ ಉರಿಯುತ್ತಿತ್ತು.

ಕಬಡ್ಡಿ ಆಟ ಮುಗಿಸಿ ಬಂದ ಮಂದಿ ಮಿರ್ಚಿ ಬಜ್ಜಿಗೆ ಮುತ್ತಿಕೊಂಡರು. ಕಾಯುತ್ತ ನಿಂತವರು ರಸ್ತೆ, ಬಸ್ಸು, ದವಾಖಾನೆ ಎಂದು ಸರದಿಯ ಮೇಲೆ ಶಾಸಕರನ್ನು ಬೈದರು, ಭಜನೆಯಲ್ಲಿ ವಿಠಲನನ್ನು ಬೈಯುವಷ್ಟೇ ಸಲುಗೆಯಿಂದ. ಎಣ್ಣೆ ಚೊಂಯ್ ಎಂದಿತು.

ಅಷ್ಟರಲ್ಲಿ ಸರದಿಯಲ್ಲಿದ್ದ ಫಕೀರಪ್ಪ ನೆಟಿಕೆ ಮುರಿದು, “ಅವನ ಹೆಣಾ ಎತ್ಲಿ!” ಎಂದ. ಒಲೆ ತಣ್ಣಗೆ ಆರಿತು. ಬಾಣಲೆಯಲ್ಲಿದ್ದ ಬಜ್ಜಿಗಳು ಎಣ್ಣೆ ಕುಡಿದು ಮೆತ್ತಗಾದವು.

“ಏ ಮೂಳಾ, ಸಿಟ್ಟು ಮಾಡಂದ್ರ ದ್ವೇಷಾ ಕಾರ್ತಿಯಲ್ಲೋ! ಅಂವಾ ಸತ್ತರ ನೀರು ನಿಮ್ಮಪ್ಪ ಬಿಡಸ್ತಾನೇನು?” ಎಂದು ಸಂಕವ್ವ ಗದರಿದಳು. ಫಕೀರಪ್ಪನೂ ನಕ್ಕ.

ಆಗಲೇ ಶಾಸಕರು ಬಜ್ಜಿ ತಿನ್ನಲು ತಾವೇ ಬಂದು ನಿಂತರು. ಸರದಿಯವರು ಕೈಮುಗಿದು ದಾರಿ ಬಿಟ್ಟರು. ಬೈಯುವವರಿಲ್ಲದೆ ಒಲೆ ಹೊತ್ತಲಿಲ್ಲ. ಎದುರಿಗೆ ಹಸಿದ ಮಂದಿ, ಬೋಗುಣಿ ತುಂಬ ಕಲೆಸಿಟ್ಟ ಹಿಟ್ಟು. ಸಂಕವ್ವ ಸೆರಗು ಸಿಕ್ಕಿಸಿದಳು.

“ಏನ್ರಿ ಸಾಹೇಬ್ರ, ಓಟು ಕೇಳಾಕ ಬರೂಮುಂದ ಗೊತ್ತಿದ್ದ ನಮ್ಮ ಓಣಿ, ಈಗ ಮರತು ಹೋತೇನು?”

ಉರಿ ಆಳೆತ್ತರ ಎದ್ದಿತು. ಮಂದಿ ಕೇಕೆ ಹಾಕಿದರು. ಶಾಸಕರು ಅವಳ ಕಿವಿಯ ಹತ್ತಿರ ಬಾಗಿ, “ಯಕ್ಕಾ, ಒಂಚೂರು ಮೆಲ್ಲಕ ಬೈಯವ್ವಾ, ಮಂದಿ ಕೇಳಾಕತ್ತಾರ” ಎಂದರು.

“ಆಗಂಗಿಲ್ರಿ,” ಎಂದಳು ಸಂಕವ್ವ, “ಇನ್ನಾ ಅರ್ಧ ಬೋಗುಣಿ ಹಿಟ್ಟು ಐತಿ.”